ಗಂಡಾಂತರದ ನೆಲಮಾಳಿಗೆ

…ಆಗಲೇ ಹೇಳಿದೆನಲ್ಲ ಮಗನೇ, ನಿನ್ನ ಹೆಂಡತಿ ಹೊಸಿಲು ದಾಟಿದ್ದನ್ನು ಕಣ್ಣಾರೆ ಕಂಡೆ ಅಂತ. ಮೂರು ಹೊತ್ತೂ ದೇವರ ಹೆಸರು ಹೇಳುವ ಬಾಯಿ ಇದು, ಸುಳ್ಳು ಆಡೀತೇ? ಎಲ್ಲಿಗೆ ಹೋದಳು ಅಂತ ಕೇಳಿದರೆ... ಮೊದಲು ಕೂತುಕೋ. ಎರಡನೇ ಮಹಡಿಯಿಂದ ಚಪ್ಪಲಿಯನ್ನೂ ಮೆಟ್ಟದೆ ಇಳಿದು ಬಂದಿದ್ದೀಯ. ಕೈಯಲ್ಲಿ ಬೆಲ್ಟು ಬೇರೆ. ಸೊಂಟಕ್ಕೆ ಕಟ್ಟಿಕೋ, ಪ್ಯಾಂಟು ಜಾರೀತು.

ಯಾವ ಬಾಗಿಲು? ನನ್ನ ಕುರ್ಚಿಯ ಹಿಂದಿನದೇ? ಅದು ನೆಲಮಾಳಿಗೆಯದು, ಪುಣ್ಯಾತ್ಮ. ಅಣುಬಾಂಬು ಇಂದು ಬಿತ್ತು, ನಾಳೆ ಬಿತ್ತು ಅಂತ ರೇಡಿಯೋ ಹೆದರಿಸುತ್ತಿದ್ದ ಕಾಲದಲ್ಲಿ, ಕಟ್ಟಡದವರೆಲ್ಲ ಅಡಗಿ ಕೂರಲಿ ಅಂತ ಸರ್ಕಾರ ಕಟ್ಟಿಸಿದ್ದು. ಕಾವಲಿಗೆ ನನ್ನನ್ನು ನೇಮಿಸಿ ಕೀಲಿಕೈ, ತಗಡಿನ ಟೋಪಿ, ಕೈಯಲ್ಲಿ ತಿರುಗಿಸುವ ಈ ಸೈರನ್ನು ಕೊಟ್ಟರು. ಆ ಟೋಪಿಯಲ್ಲೇ ಈಗ ದೇವರಿಗೆ ಹೂ ತರುತ್ತೇನೆ. ಸೈರನ್ನು ಕೂಗಿದರೆ ಒಲೆ ಆರಿಸಿ ಎಲ್ಲರೂ ಇಲ್ಲಿಗೆ ಓಡಿಬರಬೇಕು. ಈಗಲೂ ಬರುತ್ತಾರೆ, ಆಗಾಗ ಅಭ್ಯಾಸ ಮಾಡಿಸುತ್ತೇನಲ್ಲ. ನೀನೊಬ್ಬನೇ ಬರುವುದಿಲ್ಲ. ನಿನಗೆ ನಿದ್ದೆ.

ಯಾಕೆ ನಗುತ್ತೀ? ಓ, ಬಾಗಿಲ ಮೇಲಿನ ಬರಹಕ್ಕೋ. ‘ಗಂಡಾಂತರ ಬಂದಾಗ ಕೆಳಗಿಳಿಯಿರಿ’ ಅಂತ ಬರೆಸಿದ್ದರು. ಒದ್ದೆಗೆ ಬಣ್ಣ ಎದ್ದು, ‘ಡಾಂ’ದ ದೀರ್ಘ, ಸೊನ್ನೆ, ಕೊನೆಯ ‘ತರ’ ಎಲ್ಲ ಉದುರಿ, ‘ಗಂಡ ಬಂದಾಗ ಕೆಳಗಿಳಿಯಿರಿ’ ಅಂತ ಉಳಿಯಿತು. ಸರಿಮಾಡಿಸೋಣ ಅಂದರೆ ಹೆಂಗಸರು ಒಬ್ಬರೂ ಒಪ್ಪಲಿಲ್ಲ. ಹಾಗೇ ಇರಲಿ ಬಿಡಿ ಅಜ್ಜಿ, ಅಂದರು. ನಗು, ನಗು. ನಗುವವನ ಕೈ ಮೇಲೇಳುವುದಿಲ್ಲ.

ಒಳಗೆ ಗಾಳಿಗೊಂದು ಯಂತ್ರವಿದೆ. ಹಿಡಿ ತಿರುಗಿಸುತ್ತಲೇ ಇರಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ. ಎಣ್ಣೆ ಕಂಡು ಯಾವ ಕಾಲವಾಯಿತೋ, ಕಿರ್ ಕಿರ್ ಅಂತ ಅರಚುತ್ತದೆ. ನಾನು ಯಾಕೆ ಬಾಯಿ ಮುಚ್ಚದೆ ಮಾತಾಡುತ್ತೇನೆ ಅಂದರೆ... ವಯಸ್ಸು ನೋಡು. ನೀನೂ ಮಾತಾಡು. ಕೆಲಸ ಹೇಗಿದೆ? ಅಮ್ಮ ಹೇಗಿದ್ದಾಳೆ? ಯಾಕೆ ಸುಮ್ಮನಾದೆ? ಏನಾದರೂ ಹೇಳು ಮಗನೇ. ಬೇಕಾದರೆ ಬೈ...

ಯಾವ ಸದ್ದು? ಅದು... ಇಲಿ ಇರಬೇಕು.

ಹೂಂ. ಇಲಿ ಇಷ್ಟು ಒಂದೇ ಸಮ ಕಿರುಗುಟ್ಟುವುದಿಲ್ಲ, ನಿಜ. ಹೊಸಿಲು ದಾಟಿದಳು ಅಂದೆ; ಯಾವ ಹೊಸಿಲು ಅಂತ ನೀನು ಕೇಳಲಿಲ್ಲ.

ಏಳಬೇಡ. ನನ್ನ ಕೈ ಎಲ್ಲಿದೆ ನೋಡಿಕೋ. ಸೈರನ್ನಿನ ಹಿಡಿಯ ಮೇಲೆ. ಆ ಬಾಂಬು ಬೀಳದಿರಲಿ ಅಂತ ದಿನಾ ಬೇಡಿಕೊಂಡೆ, ಭಗವಂತ ನಡೆಸಿಕೊಟ್ಟ. ನಿನಗೆ ಒಳ್ಳೆಯ ಬುದ್ಧಿ ಕೊಡಲಿ ಅಂತಲೂ ಬೇಡುತ್ತಿದ್ದೇನೆ, ಅದಕ್ಕೆ ಮಾತ್ರ ಅವನೂ ಸಮಯ ಕೇಳುತ್ತಿದ್ದಾನೆ. ಇದನ್ನು ಒಂದು ಸುತ್ತು ತಿರುಗಿಸಿದೆನೋ, ಮೇಲಿನ ಬಾಗಿಲುಗಳೆಲ್ಲ ತೆರೆದುಕೊಳ್ಳುತ್ತವೆ. ಹೆಂಗಸರು, ಅವರ ಅತ್ತೆಯರು, ನಿನ್ನ ಮೇಲಿನ ಮನೆಯ ಕಮ್ಮಾರ, ಎಲ್ಲರೂ ಒಲೆ ಆರಿಸಿ ಇಳಿದು ಬರುತ್ತಾರೆ. ಏನು ಗಂಡಾಂತರ ಬಂತು ಅಜ್ಜಿ, ಅಂತ ಕೇಳುತ್ತಾರೆ.

ನಾನಂತೂ ಸುಳ್ಳು ಹೇಳುವವಳಲ್ಲ, ಮಗನೇ.