ಕ್ಲಚ್ ಇಡ್ದೇ ಇದ್ದೆ ಬಾವ

ಇಡ್ಕ ಅಂದ್ರೆ ಪೂರ್ತಿ ಇಡ್ಕಬೇಕು ಕಣಮ್ಮಿ! ಅರ್ಧ ಎಳ್ದು ಅರ್ಧ ಬುಟ್ರೆ ನಂಗೆಂಗೆ ಗೊತ್ತಾಯ್ತದೆ? ಎಳಿ... ಇನ್ನೂ ಎಳಿ... ಕ್ಲಚ್ ಲಿವರು ಹ್ಯಾಂಡಲ್‌ಗೆ ತಾಗ್ಬೇಕು. ಹಾಂ, ಅಂಗೆ. ಬೆರಳು ನೋಯ್ತದಾ? ನೋಯ್ಲಿ. ಬೆಳಗ್ಗಿಂದ ಈ ದರಿದ್ರ ಗಾಡಿ ಮುಂದೆ ಕುಕ್ಕರಗಾಲಲ್ಲಿ ಕುಂತು ನನ್ ಸೊಂಟಾನೇ ಬಿದ್ದೋಗದೆ, ನಿಂಗೆ ಬೆರಳಿಂದೇ ದೊಡ್ಡದಾಯ್ತಾ?

ಯಾಕೆ ನಗ್ತೀಯಾ? ಏನು... ಮೂಗಿಗೆ ಗ್ರೀಸ್ ಆಗದಾ? ಆಗ್ಲಿ ಬುಡು. ನಂಗೇನ್ ಎಣ್ಣು ಕೊಡಕ್ಕೆ ಬತ್ತಾವ್ರಾ? ಆ ಹತ್ತನೇ ನಂಬರ್ ಸ್ಪ್ಯಾನರ್ ಇತ್ತ ಕೊಡು. ಅದಲ್ಲ... ಅದಲ್ಲ ಕಣೆ, ಅದು ಹನ್ನೆರಡು! ಹೂಂ, ಅದು.

ನಾನು ಮೊದ್ಲೇ ಯೋಳ್ದೆ, ಬಸ್ಸಲ್ಲಿ ಓಗಾಣ ಅಂತ. ಕೇಳುದ್ಯಾ? ಕೆರಗೋಡಿಂದ ಮಂಡ್ಯ, ಮಂಡ್ಯದಿಂದ ಮದ್ದೂರು, ಅಲ್ಲಿಂದ ನಿಮ್ಮೂರು ಚಿಕ್ಕರಸಿನಕೆರೆ. ಮೂರ್ ಬಸ್ಸು, ಆಗಿದ್ದಾಗ್ಲಿ. ಇಲ್ಲ, ಮೂರ್ ಬಸ್ ಇಡ್ದು ಓಗೋವತ್ಗೆ ಮೀಟಿಂಗೇ ಮುಗ್ದೋಯ್ತದೆ ಅಂತೀಯಾ. ಓಗ್ದಿದ್ರೇನಂತೆ ಅಂತೀನಿ ನಾನು! ನಿನ್ ತಮ್ಮ ಸಿವರಾಜ ಸ್ಕೂಲ್ ವ್ಯಾನ್ ಓಡಿಸ್ಬಾರ್ದು, ನಮ್ ಮಕ್ಳನ್ನ ಅವ್ನ್ ಕೈಗೆ ಕೊಡಲ್ಲ ಅಂತ ಅಪ್ಪ ಅಮ್ಮಂದ್ರೆಲ್ಲ ಸೇರ್ಕಂಡು ಸ್ಕೂಲಿಗೆ ಬರ್ದು ಕೊಟ್ಟವ್ರೆ. ನಾಳಿಕೆ ಹತ್ತು ಗಂಟೆಗೆ ಅದೇ ಮಾತು. ನಾನೊಬ್ಬ ಓಗಿ, ನನ್ ಬಾಮೈದ ಒಳ್ಳೇವ್ನು ಸ್ವಾಮಿ ಅಂದ್ರೆ ಆಗೋಯ್ತಾ? ಅವ್ರು ಕೇಳ್ತಾರೆ, ಅಜ್ಜಿ ಕಾಲು ಮುರ್ದೋನು ಒಳ್ಳೇವ್ನಾ ಅಂತ. ಏನನ್ಲಿ ಆಗ?

ಅಳ್ಬೇಡ. ಅಳ್ತಿಲ್ವಾ? ಸರಿ, ಅಳ್ತಿಲ್ಲ. ಲಿವರ್ ನೋಡು.

ಮುದ್ದಯ್ಯನ ಅಂಗ್ಡಿಗಾ? ಓಗಲ್ಲ! ಪ್ರಾಣ ಓದ್ರೂ ಆ ಅಂಗ್ಡಿ ಮೆಟ್ಲು ತುಳಿಯಲ್ಲ. ಬಸ್ ಸ್ಟ್ಯಾಂಡ್ ಮೆಕ್ಯಾನಿಕ್ಕು ಅಂತ ಏನ್ ಕೊಬ್ಬಮ್ಮಿ ಅವ್ನಿಗೆ! ನಾಲ್ಕ್ ಜನದ ಮುಂದೆ, 'ನಾಗೇಸ, ಟ್ರ್ಯಾಕ್ಟರ್ ಆಯಿಲ್ ಸುರ್ದಿದ್ದೀಯಲ್ಲೋ, ಇದ್ರಲ್ಲಿ ಉಳುಮೆ ಮಾಡ್ತೀಯಾ' ಅಂದ್ಬುಟ್ಟ. ಎಲ್ಲಾ ಕಿಸಕ್ ಅಂದ್ರು. ಟ್ರ್ಯಾಕ್ಟರ್‌ಗೆ ತಂದಿದ್ದು ಡಬ್ಬದಲ್ಲಿ ಮಿಕ್ಕಿತ್ತು, ಆಕ್ದೆ. ಕಬ್ಬಿನ್ ಲೋಡ್ ಎಳ್ಯೋ ಇಂಜಿನ್‌ಗೆ ಆಗೋ ಆಯಿಲು ಇದಕ್ಕಾಗಲ್ವಾ? ಆಗಲ್ವಂತೆ. ಮಂದ ಆಯಿಲಂತೆ, ಕ್ಲಚ್ ಪ್ಲೇಟೆಲ್ಲ ಒಂದಕ್ಕೊಂದು ಅಂಟ್ಕಂಡು ಬುಡಿಸ್ಕಳಲ್ವಂತೆ. ಮೇವಿನ ಹೊರೆ ಆಕ್ಕಂಡು ಕೆರೆ ಏರಿ ಹತ್ಸಿ ಹತ್ಸಿ ಪ್ಲೇಟೂ ಸೊಟ್ಟಗಾಗವಂತೆ. ಎಲ್ಲಾ ಬದ್ಲಾಯ್ಸು ಅಂತ ಶುರು ಮಾಡ್ದ. ನಾನೇ ಬಿಚ್ಚಿ ನಾನೇ ಜೋಡ್ಸಿದ್ದು ಕಣಮ್ಮಿ ಇದನ್ನ! ಫೋನಲ್ಲಿ ವೀಡಿಯೋ ಇಟ್ಕಂಡು, ಒಂದೊಂದ್ ಪ್ಲೇಟೂ ಸೀಮೆಣ್ಣೇಲಿ ತೊಳ್ದು... ನೀನೇ ನೋಡಿದ್ದೀಯಲ್ಲ. ಮಿಕ್ಕಿದ್ದು ಒಂದೇ ಒಂದು ವಾಸರ್ರು. ಅದೇನ್ ದೊಡ್ಡದಲ್ಲ.

ಗೇರು ಗಡಸು, ಒಪ್ಕತೀನಿ. ಆದ್ರೆ ಓಡ್ಸಕ್ಕೆ ಗೊತ್ತಿರೋನ್ಗೆ ಅದೊಂದ್ ಲೆಕ್ಕಾನಾ? ನನ್ ನೋಡು. ಹಂಪು ಕಂಡ ತಕ್ಷಣ, ಗಾಡಿ ಇನ್ನೂ ಉರುಳ್ತಿರುವಾಗ್ಲೇ ನ್ಯೂಟ್ರಲ್‌ಗೆ ತಂದ್ಬುಡ್ತೀನಿ. ನಿಂತ್ಮೇಲೆ ಉಡುಕುದ್ರೆ ಜಪ್ಪಯ್ಯ ಅಂದ್ರೂ ನ್ಯೂಟ್ರಲ್ ಸಿಗಲ್ಲ. ಹೊರಡುವಾಗ ಕಾಲಲ್ಲಿ ನಾಲ್ಕೆಜ್ಜೆ ತಳ್ಕಂಡು ಆಮೇಲೆ ಫಸ್ಟ್ ಆಕ್ತೀನಿ, ಟಕ್ ಅಂತ ನೆಗ್ಯಲ್ಲ. ಎದುರ್ಗೆ ಜನ ಸಿಕ್ರೆ ಆಫೇ ಮಾಡ್ಬುಡ್ತೀನಿ. ಅದ್ಕೊಂದು ಕೈ ಬೇಕು ಕಣೆ. ಯುಗಾದಿಯಿಂದ ಇಂಗೇ ಓಡುಸ್ತಿವ್ನಿ, ಒಂದಿನ ಒಂದ್ ಕೋಳಿಗಾದ್ರೂ ತಾಗ್ಸಿದ್ದೀನಾ?

ನಿನ್ ತಮ್ಮ ಅಂಗಲ್ಲ. ಆತುರಗಾರ. ಪಿತೃಪಕ್ಸದ ದಿನ ನೆನಪು ಮಾಡ್ಕ. ಮನೆ ತುಂಬ ನೆಂಟ್ರು, ಬಾಡು ಬೆಂದದೆ, ಎಡೆ ಇಕ್ಕಕ್ಕೆ ಬಾಳೆಎಲೆ ಸಾಲ್ತಿಲ್ಲ. ಹಿರೀಕ್ರಿಗೆ ಎಡೆ ಆಗ್ದೆ ಯಾರೂ ಬಾಯಿಗೆ ತುತ್ತಿಕ್ಕಂಗಿಲ್ಲ, ಮಕ್ಳು ಅಸ್ಕಂಡು ಗಲಾಟೆ. 'ಬಾವ, ಕೀ ಕೊಡಿ, ಒಂದ್ ಗಳಿಗೇಲಿ ಎಲೆ ತತ್ತೀನಿ' ಅಂದ. ಎಸ್ದೆ. ಒಂದ್ ಗಳಿಗೇಲಿ ತಂದ ನೋಡು! ಡೈರಿ ಮುಂದೆ ಪುಟ್ಟಮಾದಮ್ಮ ಕ್ಯಾನ್ ಇಡ್ಕಂಡು ರಸ್ತೆ ದಾಟ್ತಿದ್ದಳಂತೆ. ಇವ್ನು ನಿಲ್ಸಿದ್ನಂತೆ. ಓಗಜ್ಜಿ ಅಂತ ಕೈಯಾಡ್ಸಿ ದಾರೀನೂ ಬುಟ್ನಂತೆ. ಅವ್ಳು ಗಾಡಿ ಮುಂದಕ್ಕೆ ಬಂದ ತಕ್ಷಣ ನುಗ್ಸೇಬುಟ್ಟ! ಎಪ್ಪತ್ತು ವರ್ಸದ ಮುದುಕಿ. ಇವತ್ಗೂ ಗೋಡೆ ಇಡ್ಕಂಡು ನಡೀತವ್ಳೆ.

ಅದ್ರ ಮೇಲೆ ಅವ್ನ ಮಾತು ಬೇರೆ. 'ಕ್ಲಚ್ ಇಡ್ದೇ ಇದ್ದೆ ಬಾವ, ಗಾಡಿ ತಾನಾಗಿ ಓಯ್ತು... ಕ್ಲಚ್ ಇಡ್ದೇ ಇದ್ದೆ...' ಎಷ್ಟು ಸಲ ಅಂದ! ಅವಳ ಕಾಲು ಇಡ್ಕಂಡು ಅಳುವಾಗ್ಲೂ ಅದೇ. ಊರೇ ನಕ್ತು. ನಾನೂ... ನಾನೇ ಕೇಳ್ದೆ, ಕ್ಲಚ್ ಇಡ್ದಿದ್ರೆ ಗಾಡಿ ಎಂಗ್ಲಾ ಮುಂದಕ್ಕೋಯ್ತದೆ, ಯಾರಿಗ್ ಕಿವೀಗೆ ಊವ ಮಡಗ್ತೀಯಾ ಅಂತ. ಆಮೇಲೆ ತಲೆ ತಗ್ಸಿದೋನು ನಮ್ಮನೆ ಕಡೆ ತಿರುಗ್ ನೋಡಿಲ್ಲ. ನಾನೇನ್ ಬರ್ಬೇಡ ಅಂದ್ನಾ?

ಸರಿ ಬುಡು, ಅದೆಲ್ಲ ಯಾಕೀಗ. ಕೇಬಲ್ ಬಿಗಿ ಮಾಡಿವ್ನಿ. ಲೂಸ್ ಒಂದ್ ಚೂರೂ ಇಲ್ಲ. ಈಗ ಸರಿಯಾಗ್ಲೇಬೇಕು. ಸ್ಟಾರ್ಟ್ ಮಾಡ್ತೀನಿ, ಎದ್ರುಬೇಡ, ಗಾಡಿ ಮೈನ್ ಸ್ಟ್ಯಾಂಡ್ ಮೇಲದೆ, ಹಿಂದ್ಲ ಚಕ್ರ ನೆಲಕ್ಕೆ ತಾಗಿಲ್ಲ. ನೀನು ಕ್ಲಚ್ ಇಡ್ದಿರು, ನಾನು ಕೈಯಲ್ಲೇ ಗೇರ್ ಒತ್ತೀನಿ. ಚಕ್ರ ಒಂಚೂರು ಆಡುದ್ರೂ ಕಾಲ್ ಕೊಟ್ಟ ತಕ್ಷಣ ನಿಲ್ಬೇಕು. ನಿಂತ್ರೆ ಕ್ಲಚ್ ಸರಿ ಅದೆ ಅಂತ. ಇಡ್ದ್ಯಾ? ಒತ್ತೀನಿ...

ಖಟಾರ್ ಅಂತು! ತತ್ತೇರಿಕೆ, ಅದೇ ಸದ್ದು!

ಲೇ, ಕ್ಲಚ್ ಯಾಕ್ ಬುಟ್ಟೆ? ಚಕ್ರ ತಿರುಗ್ತಾ ಅದಲ್ಲೇ! ಬುಡ್ಬೇಡ ಅಂತ ಬಡ್ಕಂಡೆ... ಬುಟ್ಟಿಲ್ವಾ? ಸುಳ್ಳು ಯೋಳ್ಬೇಡ, ತೋರ್ಸು ಕೈಯ.

...ಪೂರ್ತಿ ಇಡ್ದಿದ್ದೀಯಾ.

ತಡಿ, ಚಪ್ಲೀಲಿ ಟೈರ್ ಅದುಮ್ತೀನಿ. ನಿಲ್... ನಿಲ್ತಿಲ್ಲ. ಥೂ, ಚಪ್ಲೀನೇ ಎಳ್ಕಂಡೋಯ್ತು! ಆಫ್ ಮಾಡ್ತೀನಿ. ಮನೆ ಆಳಾಗ. ಆಯ್ತು, ಬುಡು ಇನ್ನ. ಆಫ್ ಆಗದೆ, ಬುಡಮ್ಮಿ ಲಿವರ. ಭಾಗ್ಯ... ಯಾಕ್ ಬುಡ್ತಿಲ್ಲ? ಬೆರಳು ಬೆಳ್ಳಗಾಗವೆ.

ಚಕ್ರಾನ ಯಾಕಂಗ್ ನೋಡ್ತೀಯಾ?

ಇದು ಈಗೀಗ ಬಂದಿರೋದು ಕಣೆ. ಒಂದ್ ವಾರ... ಅದಿನೈದು ದಿನ ಆಗಿರ್ಬೋದು. ಚಳಿ ಬೇರೆ ಸುರುವಾಯ್ತಲ್ಲ, ಆಯಿಲ್ ಗಟ್ಟಿಯಾಗದೆ. ಆವಾಗೆಲ್ಲ ಚೆನ್ನಾಗೇ ಇತ್ತು. ಸಿವರಾಜ ತಗೊಂಡೋದಾಗ ಚೆನ್ನಾಗಿತ್ತು. ನಾನೇ ಓಡುಸ್ತಿದ್ನಲ್ಲ... ಏನು? ಬೆರಳಲ್ಲಿ ಏನ್ ಎಣಿಸ್ತಿದ್ದೀಯಾ? ಯುಗಾದಿಯಿಂದ ಅಂದ್ನಾ ನಾನು? ಯಾವಾಗ? ಈಗ್ಲಾ? ಅದು ಮಾತ್ಗೆ ಅಂದೆ ಕಣೆ! ಯುಗಾದಿ ಅಂದ್ರೆ ಯುಗಾದೀನೇನಾ...

ಯುಗಾದಿ ಮೊದ್ಲು ಬತ್ತದೆ. ಪಿತೃಪಕ್ಸ ಆಮೇಲೆ ಬತ್ತದೆ. ಗೊತ್ತು ನಂಗೂ.

ಬಯ್ಯಿ. ಏನಾರ ಅನ್ನು. ಎರಡು ತಿಂಗ್ಳಿಂದ ನನ್ ತಮ್ಮ ಸುಳ್ಳಾಡೋನಲ್ಲ ಅಂತ ದಿನಾ ಅನ್ತಿದ್ಯಲ್ಲ, ಈಗ್ಲೂ ಅನ್ನು. ಸ್ಪ್ಯಾನರ್ ತಗಂಡು ಇಕ್ಕು ತಲೆಗೆ. ಇಂಗ್ ಚಕ್ರಾನೇ ನೋಡ್ತಾ ನಿಂತ್ರೆ ನಾನೇನ್ ಮಾಡ್ಲಿ?

ಅವತ್ತು ಆ ನೆಂಟ್ರ ಮುಂದೆ ಬೆಳಗ್ಗಿಂದ ಕೊಚ್ಕಂಡಿದ್ದೆ ಕಣೆ. ನಾನೇ ಬಿಚ್ಚಿ ನಾನೇ ಜೋಡ್ಸಿದ್ದು, ಮುದ್ದಯ್ಯನ್ ಹಂಗಿಲ್ದೆ ಗಾಡಿ ಬೆಣ್ಣೆ ಅಂಗೆ ಓಯ್ತದೆ ಅಂತ. ನಿಮ್ಮಪ್ಪನೂ ಬೆನ್ನು ತಟ್ಟಿದ್ರು. ಅಂಗಂದೋನು, ಅದೇ ಬಾಯಲ್ಲಿ, 'ಉಸಾರು ಕಣ್ಲಾ ಸಿವರಾಜ, ಕ್ಲಚ್ ಇಡುದ್ರೂ ಎಳೀತದೆ, ನಿಲ್ಸುದ್ರೆ ಆಫ್ ಮಾಡು' ಅಂತ ಎಂಗನ್ಲಿ? ನಾಲ್ಗೆ ತುದೀಲಿತ್ತು. ಆಣೆಗೂ ಇತ್ತು. ಒಂದ್ ಫರ್ಲಾಂಗ್ ಅಲ್ವಾ, ಏನಾಯ್ತದೆ ಅಂತ ಎಸ್ದ್ಬುಟ್ಟೆ. ಆಮೇಲೆ ಅವ್ನು ಕ್ಲಚ್ ಇಡ್ದೇ ಇದ್ದೆ ಅಂತ ಬಡ್ಕಳುವಾಗ... ನಕ್ಕೋರಲ್ಲಿ ನಾನೇ ಮೊದ್ಲು ನಕ್ಕಿದ್ದು. ನಾನು ನಗ್ದೆ ಇದ್ದಿದ್ರೆ ಯಾರಾರ ಗಾಡಿ ನೋಡಾಣ ಅಂತಿದ್ರು.

ಪಿತೃಪಕ್ಸಕ್ಕೂ ಮೊದ್ಲೇ ಮುದ್ದಯ್ಯ ಇನ್ನೊಂದ್ ಮಾತೂ ಅಂದಿದ್ದ. ಪ್ಲೇಟ್ ಬದ್ಲಾಯ್ಸೋವರ್ಗೂ ಇದನ್ನ ಬೇರೆಯೋರ ಕೈಗೆ ಕೊಡ್ಬೇಡ ಅಂತ. ಅದ್ಕೇ ಕಣೆ ನಾನ್ ಆ ಅಂಗ್ಡಿಗೆ ಓಗಲ್ಲ ಅನ್ನೋದು. ಅವ್ನು ಬಾಯ್ಬುಟ್ರೆ...

ಎಲ್ಲಿಗೋದೆ? ಭಾಗ್ಯ! ಒಳಗ್ಯಾಕೆ... ಬಟ್ಟೆ ಜೋಡುಸ್ಕತೀಯಾ? ಓ, ಫೋನಾ. ಯಾರ್ಗೆ ಮಾಡ್ತಿದ್ದೀಯಾ? ಈಗ್ಲೇ ಯಾಕೆ, ನಾಳಿಕೆ ನಾನೇ ಬತ್ತೀನಿ ಅಂದ್ನಲ್ಲ, ಬಸ್ಸಲ್ಲೇ ಬತ್ತೀನಿ, ಮೂರಲ್ಲ ಆರ್ ಬಸ್ ಆದ್ರೂ ಬತ್ತೀನಿ, ಆ ಜನದ ಮುಂದೆ ನಿಂತು... ಬೇಡ, ನನ್ ಕೈಗ್ಯಾಕೆ ಕೊಡ್ತೀಯಾ? ಗ್ರೀಸ್ ಆಗದೆ ಕೈಯೆಲ್ಲ. ನೀನೇ ಯೋಳು. ನೀನ್ ಅಕ್ಕ ಅಲ್ವಾ, ನೀನಂದ್ರೆ ನಯವಾಗಿರ್ತದೆ...

ಸರಿ. ಕೊಡು.

ಅಲೋ... ಸಿವರಾಜ? ನಾನ್ಲಾ. ಬಾವ. ಹೂಂ... ಚೆನ್ನಾಗವ್ನಿ. ಊಟ ಆಯ್ತಾ?... ಇಲ್ಲ ಕಣ್ಲಾ, ಅಕ್ಕಂಗೇನಾಗಿಲ್ಲ, ಇಲ್ಲೇ ನಿಂತವ್ಳೆ, ನನ್ನೇ ನೋಡ್ತಾ ಅವ್ಳೆ. ಲೋ, ಫೋನ್ ಮಡಗ್ಬೇಡ ಕಣ್ಲಾ. ಒಂದ್ ಮಾತದೆ. ಕೀ ಎಸುದ್ನಲ್ಲ ಅವತ್ತು... ಎಸೆಯೋವಾಗ್ಲೇ ನಂಗೊತ್ತಿತ್ತು.