ಮಂತ್ರಿಯ ತಂಗಿ ಜೈಲಿನಿಂದ ಬಂದ ಮರುದಿನ

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಅತ್ತಿಗೆ ನಾದಿನಿಯರಿಬ್ಬರು ಕೂತಿದ್ದರು. ನಾದಿನಿ ಶಾಲೆಯ ಟೀಚರು. ಅವರ ಕೆನ್ನೆ ಊದಿತ್ತು.

"ನಿಮ್ಮಣ್ಣ ನಿನ್ನೆಯಿಂದ ಸಿಡಿಮಿಡಿ ಅಂತಿದಾರೆ ಕಣೆ," ಎಂದರು ಅತ್ತಿಗೆ.

"ಜೈಲಿಗೆ ಹೋಗಿದ್ದು ನಾನು, ಸಿಟ್ಟು ಅವನಿಗಾ?"

"ಮಂತ್ರಿ ಅಂತ ಅವರೇ ಸಹಿ ಹಾಕಿದ ಆದೇಶಾನ ಕೋರ್ಟು ರದ್ದು ಮಾಡ್ತಲ್ಲ, ಅದಕ್ಕೆ."

"ಮೆರವಣಿಗೆ ಹೋದ ಟೀಚರುಗಳನ್ನೆಲ್ಲ ವಿಚಾರಣೆ ಇಲ್ದೆ ಒಳಗೆ ಹಾಕಿದ್ರೆ ಕೋರ್ಟು ಮುದ್ದು ಮಾಡತ್ತಾ?"

"ಕೋರ್ಟು ಬಾಯಿ ಹಾಕದ ಹಾಗೆ ಹೊಸ ಕಾನೂನೇ ತರ್ತೀನಿ ಅಂತ ಶಾಸನಸಭೆಗೆ ಹೋದ್ರು. ಅಲ್ಲಿ ಅವರ ಪಕ್ಷದವರೇ ಕೈ ಎತ್ತಲಿಲ್ಲ."

ಟೀಚರು ನಗಲು ಹೋಗಿ ಕೆನ್ನೆ ಹಿಡಿದುಕೊಂಡರು.

"ನಾಳೆ ಆ ಕಡೆಯವರು ಗೆದ್ದು ಅಣ್ಣನ್ನೇ ಒಳಗೆ ಹಾಕಿದ್ರೆ, ಬಿಡಿಸೋಕೆ ಅದೇ ಕೋರ್ಟು ಬೇಕಲ್ಲ ಅತ್ತಿಗೆ?"

"ಊಟಕ್ಕೆ ಬಡಿಸ್ತಾ ನಾನೂ ಅದನ್ನೇ ಹೇಳ್ದೆ."

"ಏನಂದ?"

"ಸಾರಿಗೆ ಉಪ್ಪು ಕಮ್ಮಿ ಅಂದ್ರು."

"ಅಷ್ಟೇನಾ?"

"ಆಮೇಲೆ ಮೆಲ್ಲಗೆ ಕೇಳಿದ್ರು, ಜೈಲಲ್ಲಿ ಅವಳಿಗೆ ಹೊದ್ಕೊಳ್ಳೋಕೆ ಏನಾದ್ರೂ ಕೊಟ್ಟಿದ್ರಾ ಅಂತ."

ಅಷ್ಟರಲ್ಲಿ ನರ್ಸು ಕರೆದಳು.

"ಕೊಟ್ಟಿರ್ಲಿಲ್ಲ ಅಂತ ಹೇಳಿ," ಎನ್ನುತ್ತ ಟೀಚರು ಅತ್ತಿಗೆಯ ಕೈ ಹಿಡಿದುಕೊಂಡು ಒಳಗೆ ಹೋದರು.