ಒತ್ತಕ್ಷರದ ಸೇವೆ

ತ್ರ್ಯಂಬಕ ತೀರಿಕೊಂಡನೆಂದು ತಿಳಿದ ದಿನ ನಾನು ಶಿಕಾರಿಪುರದ ನಿಲ್ದಾಣದಲ್ಲಿ ಸೊರಬದ ಬಸ್ಸಿಗೆ ಕಾದು ಕುಳಿತಿದ್ದೆ. ಅವನು ನನ್ನಲ್ಲಿ ಅಕ್ಷರ ಕಲಿತವನು. ಕನ್ನಡ ಪುಸ್ತಕಗಳನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಪಕ್ಕದ ಬೆಂಚಿನಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದ ಮಾಲತೇಶನೂ ಕುಪ್ಪಗಡ್ಡೆಯ ದಿವ್ಯಳೂ ಮಾತನಾಡುತ್ತಿದ್ದರು.

“ಅಮ್ಮಂಗೆ ಕಣ್ಣು ಕಾಣಲ್ಲ ಮಾಲತೇಶ್. ಅದು ಓದಿದ್ರೇನೇ ಪುಸ್ತಕ. ಒತ್ತಕ್ಷರ ಬಂದ್ರೆ ಮುಗ್ಗರಿಸ್ತದೆ ಅಂತ ಸರಿಮಾಡೋಕೆ ಅವರಿಗೆ ದುಡ್ಡು ಕೊಟ್ಟಿದ್ದೆ.”

“ಗೊತ್ತೈತ್ರಿ. ಅರ್ಧ ಕೆಲಸ ಆಗೇತಿ.”

“ಪುಕ್ಕಟೆ ಸಿಗೋದಕ್ಕೆ ದುಡ್ಡು ಕೊಡ್ತಾಳೆ, ಅದೂ ಊರಿಗೆಲ್ಲ ಸೇರೋದಕ್ಕೆ ಅಂತ ಮನೇಲಿ ನಗ್ತಿದ್ರು.”

“ಅವ ಏನಂತಿದ್ದ? ಸೇವೆ ಬರೆಸೋರು ಒಬ್ರು, ಪ್ರಸಾದ ಊರಿಗೆಲ್ಲ.”

“ಈಗ ಪೂಜೆ ನಡುವೆ ಭಟ್ರೇ ಎದ್ದು ಹೋದ್ರಲ್ಲ.”

ಮಾಲತೇಶ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ.

“ಅವನ ಹೆಸ್ರು ಹೆಂಗ್ ಓದ್ತಿತ್ತು, ನೆನಪೈತೇನ್ರಿ?”

“ತರಯಂಬಕ! ಮೊದ್ಲು ನನ್ನ ಹೆಸ್ರು ಸರಿಮಾಡ್ಸಿ ಪುಣ್ಯ ಕಟ್ಕೊಳಿ ಅಂತಿದ್ರು.”

“ಅವ ಬರೆದಿದ್ದೆಲ್ಲ ಬಯಲಲ್ಲೇ ಐತಿ, ಬೀಗ ಹಾಕಿಲ್ಲ, ಯಾರು ಬೇಕಾದ್ರೂ ಮುಂದುವರಿಸಬೋದು. ಸಾಕಾಗೇತ್ರಿ ನಂಗೂ. ಆದ್ರೂ ಮುಗಿಸ್ತೀನಿ. ಬ್ಯಾರೆ ದುಡ್ಡು ಬ್ಯಾಡ.”

“ನಿಮಗೂ ಹೊಟ್ಟೆ ಇದೆಯಲ್ಲ? ಇನ್ನೊಂದು ಸೇವೆ ಬರೆಸ್ತೀನಿ, ಅವರ ಹೆಸರಲ್ಲಿ.”

ಬಸ್ಸು ಬಂತು. ಅವರು ಎದ್ದು ಹತ್ತಿದರು, ನಾನು ಬೆಂಚಿನಲ್ಲೇ ಕುಳಿತು ಕೈಮುಗಿದೆ. ಮುಕ್ಕಣ್ಣನೇ, ತ್ರ್ಯಂಬಕ ಎಂಬುದು ನಿನ್ನದೇ ಹೆಸರು. ನೀನಾದರೂ ತಪ್ಪಿಲ್ಲದೆ ಹೆಸರು ಹಿಡಿದು ಕರೆದು, ಆ ಮಗುವಿನ ಆತ್ಮಕ್ಕೆ ಶಾಂತಿ ಕೊಡು.